ನೂರಾ ಹದಿನೆಂಟು ದನ, ಮಾಲೀಕರಿಲ್ಲ

ಜೂನ್ 4, 2025

ದಾವಣಗೆರೆಯ ಲ್ಯಾಬಿನಿಂದ ವರದಿ ಬಂತು. ಮೂತ್ರದ ಸೋಂಕು, ಒಂದೇ ವರ್ಷದಲ್ಲಿ ಮೂರನೇ ಸಲ. ಹನ್ನೊಂದು ಔಷಧಿಗಳ ಪಟ್ಟಿ ಇದೆ. ಒಂಬತ್ತರ ಮುಂದೆ ‘ನಿರೋಧಕ’ ಎಂದು ಅಚ್ಚಾಗಿದೆ. ನನ್ನೊಳಗಿನ ರೋಗಾಣುವಿಗೆ ಆ ಒಂಬತ್ತು ಔಷಧಿಗಳ ಗುರುತು ಸಿಕ್ಕಿಹೋಗಿದೆ. ಅವುಗಳಲ್ಲಿ ಆರು ನನ್ನ ಆಸ್ಪತ್ರೆಯ ಕಪಾಟಿನಲ್ಲೇ ಇವೆ. ಪಶುವೈದ್ಯೆಯಾಗಿ ಇಪ್ಪತ್ತಾರು ವರ್ಷ ಕೆಚ್ಚಲು ಬಾವಿನ ಹಸುಗಳಿಗೆ ಅವನ್ನೇ ಚುಚ್ಚಿದ್ದೇನೆ. “ಇಷ್ಟೆಲ್ಲಾ ಯಾವಾಗ ತಗೊಂಡಿದ್ರಿ?” ಎಂದು ಡಾಕ್ಟರು ಫೋನಿನಲ್ಲಿ ಕೇಳಿದರು. ತೆಗೆದುಕೊಂಡಿಲ್ಲ ಎಂದೆ. ರೋಗಿಗಳು ಸುಳ್ಳು ಹೇಳುವುದು ಅವರಿಗೂ ಅಭ್ಯಾಸವಾಗಿರಬೇಕು, ಮುಂದೆ ಕೇಳಲಿಲ್ಲ.

ಮಧ್ಯಾಹ್ನ ಕಂದಾಯ ನಿರೀಕ್ಷಕ ಕ್ರಾಂತಿಕುಮಾರ್ ಫೈಲು ಹಿಡಿದು ಬಂದ. ಗುಡ್ಡದ ಹಟ್ಟಿಯ ಗೋಮಾಳ ನೂರ ತೊಂಬತ್ತು ಎಕರೆ. ಸೋಲಾರ್ ಕಂಪನಿಯೊಂದು ಅದನ್ನು ಕೇಳಿದೆ. ಊರಿನ ದನ ಮೇಯಲು ಬೇಕಾದಷ್ಟು ಉಳಿಸಿ ಮಿಕ್ಕಿದ್ದನ್ನು ಕೊಡಬಹುದು. ನೂರು ದನಕ್ಕೆ ಮೂವತ್ತು ಎಕರೆ ಎಂಬ ಲೆಕ್ಕ. ಹಟ್ಟಿಯಲ್ಲಿ ದನ ಎಷ್ಟಿವೆ ಎಂದು ನಾನು ದೃಢೀಕರಿಸಬೇಕು. ಹೋದ ಗಣತಿಯ ಪ್ರಕಾರ ಹದಿನಾಲ್ಕು, ಎಲ್ಲವೂ ಮಿಶ್ರತಳಿ. ಸಹಿ ಮಾಡಿದೆ.

“ಮೇಡಂ ಕಡೆ ಬಂದ್ರ ಐದು ನಿಮಿಷದ ಕೆಲಸ ನೋಡ್ರಿ,” ಎಂದ. ಹೊಗಳಿಕೆ ಎಂದುಕೊಂಡೆ.

ಜೂನ್ 11

ಕುರಿಗಳ ಲಸಿಕೆಗೆಂದು ಗುಡ್ಡದ ಹಟ್ಟಿಗೆ ಹೋಗಿದ್ದೆವು. ನಾನು ಮತ್ತು ಜಾನುವಾರು ಅಧಿಕಾರಿ ಅಮರೇಶ್. ಹಟ್ಟಿ ಇನ್ನೂ ಅರ್ಧ ಕಿಲೋಮೀಟರ್ ಇರುವಾಗ ಜೀಪು ನಿಂತಿತು. ರಸ್ತೆ ತುಂಬ ದನ.

ಕುಳ್ಳ ಮೈ, ಬೂದು ಬಿಳುಪು, ಹಿಂದಕ್ಕೆ ಬಾಗಿ ಮೇಲೆದ್ದ ಕೋಡು, ಒತ್ತಿ ಕಟ್ಟಿದಂಥ ಸಣ್ಣ ಗೊರಸು. ಮೂಗುದಾಣ ಇಲ್ಲ, ಕೊರಳಲ್ಲಿ ಹಗ್ಗ ಇಲ್ಲ. ಹಿಂದೆ ಬರಿಗಾಲಲ್ಲಿ ಒಬ್ಬ ಮುದುಕ, ಹೆಗಲ ಮೇಲೆ ಬಿದಿರು ಕೋಲು. ಹಾರ್ನ್ ಮಾಡಬೇಡ ಎಂದು ಡ್ರೈವರಿಗೆ ಯಾರೂ ಹೇಳಲಿಲ್ಲ, ಅವನು ಮಾಡಲೂ ಇಲ್ಲ. ಕೆಲಸವಿಲ್ಲದ ಕಣ್ಣು ಎಣಿಸುತ್ತದೆ. ನೂರಾ ಹದಿನೆಂಟು.

“ಇವು ಯಾವ ಊರಿನವು?” ಎಂದು ಅಮರೇಶನನ್ನು ಕೇಳಿದೆ.

“ಇದ ಊರಿನವು ಮೇಡಂ. ದೇವರ ದನ. ಬೋರೇದೇವರವು. ಆ ಮುದುಕ ಮಾರಣ್ಣ, ಕಿಲಾರಿ. ಅಂದ್ರ ದೇವರ ದನ ಕಾಯಾವ.”

“ಈ ಊರಿನ ಗಣತಿ ಮಾಡಿದ್ದು ನೀನೇ ಅಲ್ಲವೇ?”

“ಹೌದ್ರಿ.”

“ಹದಿನಾಲ್ಕು ಅಂತ ಬರೆದಿದ್ದೀಯ.”

“ಮನಿ ಮನಿಗೆ ಹೋಗಿ ಕೇಳೇನ್ರಿ. ಮಾರಣ್ಣನ್ನೂ ಕೇಳ್ದೆ, ನಿಂದೆಷ್ಟು ದನಪ್ಪಾ ಅಂತ. ‘ನಂದೊಂದೂ ಇಲ್ಲ’ ಅಂದ. ಹಿಂದ ಇಷ್ಟೂ ನಿಂತಿದ್ವು.”

“ನಿನ್ನ ಕಣ್ಣಿಗೆ ಕಾಣಲಿಲ್ಲವೇ?”

“ನನಗ ಕಂಡ್ವು. ಆ್ಯಪಿಗೆ ಕಾಣಂಗಿಲ್ಲಲ್ರಿ. ಮಾಲೀಕರ ಹೆಸರು, ಆಧಾರ್, ಮೊಬೈಲ್ ಹಾಕ್ದ ಹೊರತು ಮುಂದಿನ ಪುಟ ಬಿಚ್ಚಂಗಿಲ್ಲ. ಊರ ಯಜಮಾನ ಗಾದೆಪ್ಪನ್ನ ಕೇಳ್ದೆ. ಅವನೂ ನಂದಲ್ಲ ಅಂದ. ಪೂಜಾರಿ ನಂದಲ್ಲ ಅಂದ. ಯಾರದೂ ಅಲ್ಲ ಅಂದಮ್ಯಾಲೆ ನಾನೇನು ನಂದು ಅಂತ ಬರಕೊಳ್ಳಲೇನ್ರಿ?”

ನಾನು ಇಲ್ಲಿಗೆ ಬಂದು ಹದಿನಾಲ್ಕು ತಿಂಗಳಾಯಿತು. ಆ ಹಿಂಡಿನ ಒಂದು ದನವೂ ಆಸ್ಪತ್ರೆಯ ಮೆಟ್ಟಿಲು ಕಂಡಿಲ್ಲ. ಬಾರದ ರೋಗಿಯ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅಮರೇಶನಿಗೆ ಬೈದೆ. ಅವನು ಬೈಸಿಕೊಂಡು, ಬೀಡಿ ಸೇದಲು ಇಳಿದುಹೋದ.

ಜೂನ್ 12

ಕ್ರಾಂತಿಕುಮಾರನಿಗೆ ಫೋನ್ ಮಾಡಿ, ನನ್ನ ದೃಢೀಕರಣ ತಪ್ಪಿದೆ, ವಾಪಸು ಕೊಡಿ ಎಂದೆ. ಫೈಲು ಮೇಲೆ ಹೋಗಿದೆಯಂತೆ. ಮೇಲೆ ಎಂದರೆ ಎಲ್ಲಿಗೆ? ಮೇಲಕ್ಕೆ ಎಂದ.

ಜೂನ್ 19

ಮತ್ತೆ ಹಟ್ಟಿಗೆ ಹೋದೆ. ಕೆಲಸವಿರಲಿಲ್ಲ, ಕೊಟ್ಟೂರಿನ ಮನೆಯಿಂದ ಆಸ್ಪತ್ರೆಗೆ ಹೋಗುವ ದಾರಿಯೂ ಅದಲ್ಲ.

ದನಗಳ ರೊಪ್ಪ ಊರಾಚೆ ಇದೆ. ಜಾಲಿ ಮುಳ್ಳು ಒಟ್ಟಿ ಕಟ್ಟಿದ ದೊಡ್ಡ ಆವರಣ. ಹೆಂಗಸರು ಒಳಗೆ ಹೋಗುವಂತಿಲ್ಲ ಎಂದು ಮಾರಣ್ಣನ ಹೆಂಡತಿ ಗೀತಮ್ಮ ಮೊದಲೇ ಎಚ್ಚರಿಸಿದಳು. ನಾನು ದನದ ಡಾಕ್ಟರು ಎಂದೆ. “ದನದ ಡಾಕ್ಟ್ರಾದ್ರೂ ಹೆಂಗಸ ಅಲ್ರಿ?” ಎಂದಳು. ಇಪ್ಪತ್ತಾರು ವರ್ಷದ ಅನುಭವವೆಲ್ಲ ಬೇಲಿಯ ಹೊರಗೆ ನಿಂತಿತು. ನನಗೆ ಈ ಬಗೆಯ ನಿಯಮಗಳ ಮೇಲೆ ಗೌರವವಿಲ್ಲ ಎಂದು ಇಲ್ಲಿ ಬರೆದಿಡುತ್ತೇನೆ.

ಮಾರಣ್ಣ ಬೇಲಿಯ ಆ ಬದಿ, ನಾನು ಈ ಬದಿ. ಗೋಮಾಳದ ವಿಷಯ ಹೇಳಿದೆ. ಅಲ್ಲಿ ಸರ್ವೇಯವರು ಗಡಿ ಕಲ್ಲು ನೆಟ್ಟಿದ್ದನ್ನು ಅವನು ನೋಡಿದ್ದ, ಅರ್ಥ ಗೊತ್ತಿರಲಿಲ್ಲ. ಈಗ ಸುತ್ತಲ ಹೊಲಗಳಲ್ಲೆಲ್ಲ ಬಿತ್ತನೆ ಆಗಿದೆ. ಬೆಳೆ ಮನೆಗೆ ಬರುವವರೆಗೆ ಈ ದನ ಗೋಮಾಳ ಬಿಟ್ಟು ಬೇರೆಲ್ಲೂ ಬಾಯಿ ಹಾಕುವಂತಿಲ್ಲ. ಅಲ್ಲಿನ ಕುಂಟೆ ಬಿಟ್ಟರೆ ನೀರೂ ಇಲ್ಲ.

“ಹದಿನಾಲ್ಕು ದನಕ್ಕ ನಾಕು ಎಕರೆ ಬಿಡ್ತಾರ,” ಎಂದೆ. “ನಿಮ್ಮ ದನ ಲೆಕ್ಕಕ್ಕೆ ಬಂದಿಲ್ಲ.”

“ನಮ್ಮ ದನ ಅಲ್ರಿ.”

“ಮತ್ತೆ ಯಾರವು?”

“ದೇವರವು.”

“ಕಾಯುವವರು ನೀವಲ್ಲವೇ?”

“ಕಾಯ್ತೀನಿ. ಕೋಲು ಹಿಡಿಯೋ ದಿನ ಗುಡಿ ಮುಂದ ನಿಂದ್ರಿಸಿ ಕೇಳಿದ್ರು. ಒಂದು ಗೊರಸೂ ನಂದಲ್ಲ ಅಂತ ಹೇಳಿ ಹಿಡದೀನಿ. ಮೂವತ್ತೊಂದು ವರ್ಷ ಆತು.”

ಈ ಹಿಂಡಿನ ದನ ಮಾರುವುದಿಲ್ಲ. ಉಳುವುದಿಲ್ಲ. ಸತ್ತರೆ ಹೂಳುತ್ತಾರೆ. ಹೊರಗಿನ ಹೋರಿ ಒಳಗೆ ಬರುವುದಿಲ್ಲ; ಇಲ್ಲಿನ ಹೋರಿ ಮಾತ್ರ ಸುತ್ತಲ ಊರಿನ ಹಸುಗಳ ಹತ್ತಿರ ಹೋಗಿ ಬರುತ್ತದೆ. ಎಷ್ಟು ತಲೆಮಾರಿನಿಂದ ಹೀಗಿದೆ ಎಂದು ಕೇಳಿದರೆ ಮಾರಣ್ಣ ಗುಡ್ಡದ ಕಡೆ ನೋಡಿದ. ಚರ್ಮಗಂಟು ರೋಗ ಬಂದ ವರ್ಷ ಎಂಟು ಕರು ಹೋದವಂತೆ, ಉಳಿದವು ತಾವಾಗಿಯೇ ಎದ್ದವಂತೆ. ಸೂಜಿ ಹಾಕಿಸಲಿಲ್ಲವೇ ಎಂದೆ. “ಯಾವ ಸೂಜಿ?” ಎಂದ.

ಹೊರಡುವಾಗ ಗೀತಮ್ಮ ಸಣ್ಣ ತಂಬಿಗೆಯಲ್ಲಿ ಹಾಲು ಹಿಡಿದು ಊರೊಳಗೆ ಹೊರಟಿದ್ದಳು. ದೇವರ ಹಸುವಿನ ಹಾಲು ಕರುಗಳದ್ದು; ಬಾಣಂತಿಯರಿಗೆ ಮತ್ತು ಜ್ವರ ಬಿದ್ದವರಿಗೆ ಮಾತ್ರ ಒಂದಿಷ್ಟು ಕೊಡುವ ಪದ್ಧತಿ. ಚಹಕ್ಕೆ ಹಾಕುವಂತಿಲ್ಲ, ಮಾರುವಂತಿಲ್ಲ. ಪರೀಕ್ಷೆಗೆ ಅರ್ಧ ಲೋಟ ಬೇಕು ಎಂದೆ.

“ಪರೀಕ್ಷಾಕ ಅಂದ್ರ ಕೊಡಾಕ ಬರಂಗಿಲ್ರಿ,” ಎಂದಳು. ನನ್ನ ಮುಖ ನೋಡಿದಳು. ಕೈಯ ಹಿಂಬದಿಯಿಂದ ನನ್ನ ಕುತ್ತಿಗೆ ಮುಟ್ಟಿದಳು. “ನಿಮಗ ಮೈ ಬೆಚ್ಚಗ ಐತಲ್ಲ. ಜ್ವರಕ್ಕಂದ್ರ ಕೊಡ್ತೀನಿ. ಕುಡೀರಿ, ಚೆಲ್ರಿ, ಅದು ನಿಮಗ ಬಿಟ್ಟಿದ್ದು.”

ಜೂನ್ 27

ಹಾಲಿನಲ್ಲಿ ಔಷಧಿ ಉಳಿದಿದ್ದರೆ ಬಣ್ಣ ತೋರಿಸುವ ಪಟ್ಟಿಗಳನ್ನು ತರಿಸಿದ್ದೆ. ನಾಲ್ಕು ಹಾಲು ನೋಡಿದೆ. ಕೊಟ್ಟೂರಿನಲ್ಲಿ ನನಗೆ ದಿನಾ ಹಾಲು ಹಾಕುವವನದು: ಔಷಧಿ ಇದೆ. ಅವನ ಎಮ್ಮೆಗೆ ಮೊನ್ನೆ ನಾನೇ ಸೂಜಿ ಹಾಕಿದ್ದೆ. ಮೂರು ದಿನ ಹಾಲು ಮಾರಬೇಡ ಎಂದೂ ಹೇಳಿದ್ದೆ. ಹೇಳುವಾಗ ಅವನು ಮಾರುತ್ತಾನೆಂದು ಗೊತ್ತಿತ್ತು. ಆಸ್ಪತ್ರೆ ಎದುರಿನ ಹೋಟೆಲಿನದು: ಇದೆ. ಹಟ್ಟಿಯ ಒಂದು ಮಿಶ್ರತಳಿ ಹಸುವಿನದು: ಇದೆ. ಅಂದಿನಿಂದ ಫ್ರೀಜರಿನಲ್ಲಿಟ್ಟಿದ್ದ ಗೀತಮ್ಮನ ತಂಬಿಗೆಯದು: ಇಲ್ಲ.

ವರದಿಯ ಒಂಬತ್ತು ‘ನಿರೋಧಕ’ಗಳಲ್ಲಿ ನನ್ನ ಪಾಲೆಷ್ಟು, ಹಾಲಿನವನ ಪಾಲೆಷ್ಟು ಎಂದು ಯಾವ ಲ್ಯಾಬೂ ಬರೆದುಕೊಡುವುದಿಲ್ಲ. ಹೆಚ್ಚು ಹಾಲಿನ ಹಸು ಬೇಕೆಂದೆವು. ಅದರ ಕೆಚ್ಚಲು ತಡೆಯಲಿಲ್ಲ. ತಡೆಯುವಂತೆ ಸೂಜಿ ಹಾಕಿದೆವು. ಸೂಜಿ ಹಾಲಿಗೆ, ಹಾಲು ನಮಗೆ. ಇಷ್ಟು ನೇರವಾದ ದಾರಿಯನ್ನು ನನ್ನ ಇಲಾಖೆ ಯಾವ ಊರಿಗೂ ಹಾಕಿಸಿಲ್ಲ.

ಸೂಜಿ ಬೇಡದ ಹಸುಗಳು ಆಗ ಎಲ್ಲಿದ್ದವು? ಇದ್ದವು. ಕೆಲಸಕ್ಕೆ ಸೇರಿದ ಮೊದಲ ಹತ್ತು ವರ್ಷ ನಮಗೆ ಗುರಿ ಕೊಟ್ಟಿದ್ದರು: ತಿಂಗಳಿಗೆ ಇಷ್ಟು ‘ಕೀಳು ಹೋರಿ’ಗಳ ಬೀಜ ಒಡೆಯಬೇಕು. ನಾಟಿ ಹೋರಿ ಎಲ್ಲ ಕೀಳು ಹೋರಿಯೇ. ಹಡಗಲಿ ಕಡೆ ಇದ್ದಾಗ ಗುರಿ ಮೀರಿದ್ದಕ್ಕೆ ನನಗೆ ಒಂದು ಪ್ರಶಸ್ತಿ ಪತ್ರ ಸಿಕ್ಕಿತ್ತು. ಅದು ಎಲ್ಲಿದೆಯೋ ಹುಡುಕಲಿಲ್ಲ.

ಗೀತಮ್ಮನ ಹಾಲಿನಲ್ಲಿ ಉಳಿದದ್ದನ್ನು ಕಾಯಿಸಿ ಕುಡಿದೆ. ರುಚಿ ಹಾಲಿನಂತೆಯೇ ಇತ್ತು.

ಜುಲೈ 3

ತಾಲ್ಲೂಕು ಕಚೇರಿಯಲ್ಲಿ ಎರಡೂವರೆ ತಾಸು ಕೂತೆ. ನಾಲ್ಕು ಪುಟದ ಪತ್ರ ಬರೆದುಕೊಂಡು ಹೋಗಿದ್ದೆ. ಹಿಂಡಿನ ಲಕ್ಷಣ, ಹಾಲಿನ ಪರೀಕ್ಷೆ, ಇಂಥ ತಳಿ ಅಳಿದರೆ ಮನುಷ್ಯರ ಆರೋಗ್ಯಕ್ಕೆ ಏನಾಗುತ್ತದೆ ಎಂಬುದೆಲ್ಲ ಅದರಲ್ಲಿತ್ತು. ತಹಶೀಲ್ದಾರ್ ಸಾಹೇಬರು ಮೊದಲ ಪುಟ ಓದಿದರು, ಕೊನೆಯ ಪುಟದ ಸಹಿ ನೋಡಿದರು.

“ಹದಿನಾಲ್ಕು ಅಂತ ಸಹಿ ಮಾಡಿದವರು ನೀವೇ ಅಲ್ಲೇನು ಮೇಡಂ?”

“ಹೌದು. ನೋಡದೆ ಮಾಡಿದೆ.”

“ಈಗ ನೋಡಿದ್ರಿ.” ನಕ್ಕರು. “ಯಾವ ತಳಿ ಇದು?”

ಅಧಿಕೃತ ಪಟ್ಟಿಯಲ್ಲಿ ಇದಕ್ಕೆ ಹೆಸರಿಲ್ಲ, ನಮೂನೆಯಲ್ಲಿ ‘ನಿರ್ದಿಷ್ಟವಲ್ಲದ ನಾಟಿ’ ಎಂದು ಬರೆಯಬೇಕು ಎಂದೆ. ನೋಡಲು ಸೋಮಾರಿತನವಾದವರು ಇಟ್ಟ ಹೆಸರು ಅದು. ಅರ್ಧ ದೇಶದ ದನಗಳು ಆ ಹೆಸರಿನಡಿ ಸತ್ತಿವೆ. ಇದನ್ನು ಅಲ್ಲಿ ಹೇಳಿದೆನೋ ಬಸ್ಸಿನಲ್ಲಿ ಅಂದುಕೊಂಡೆನೋ ಈಗ ಖಚಿತವಿಲ್ಲ.

“ದಿನಕ್ಕ ಎಷ್ಟು ಹಾಲು?”

“ಒಂದು ಲೀಟರು. ಅದೂ ಕರುಗಳಿಗೆ.”

“ಒಂದು ಲೀಟರಿಗೆ ನೂರ ತೊಂಬತ್ತು ಎಕರೆ,” ಎಂದು ಅವರು ಪಕ್ಕದಲ್ಲಿ ನಿಂತ ಕ್ರಾಂತಿಕುಮಾರನಿಗೆ ಹೇಳಿದರು. ಅವನು ನಗಬೇಕಾದಷ್ಟು ನಕ್ಕ.

ಮಿಶ್ರತಳಿ ಹಸುವಿನ ಇಪ್ಪತ್ತು ಲೀಟರಿನಲ್ಲಿ ಏನೇನಿದೆ ಎಂದು ನನ್ನ ಪತ್ರದ ಮೂರನೇ ಪುಟದಲ್ಲಿದೆ, ಓದಿ ಎಂದೆ. ಧ್ವನಿ ಎತ್ತರವಾಗಿತ್ತು, ಹೊರಗೆ ಬೆಂಚಿನ ಮೇಲೆ ಕೂತವರು ಒಳಗೆ ಇಣುಕಿದರು. ನನ್ನ ಸೇವಾ ಪುಸ್ತಕದಲ್ಲಿ ‘ಶಾಂತ ಸ್ವಭಾವ’ ಎಂದು ಮೂವರು ಬರೆದಿದ್ದಾರೆ.

“ಮೇಡಂ, ಇದು ಕಂದಾಯದ ಫೈಲು. ಆರೋಗ್ಯದ್ದಲ್ಲ,” ಎಂದರು ಸಾಹೇಬರು. ಆಮೇಲೆ, ನನ್ನನ್ನು ಹೊರಗೆ ಕಳಿಸುವುದಕ್ಕೋ ಏನೋ, ಒಂದು ದಾರಿ ಹೇಳಿದರು. ಇಪ್ಪತ್ತೆರಡಕ್ಕೆ ಸ್ಥಳ ಪರಿಶೀಲನೆ ಇದೆ. ಅಂದು ಪಂಚರ ಎದುರಿಗೆ ದನಗಳ ಮಾಲೀಕ ಬಂದು ‘ಇವು ನನ್ನವು’ ಎಂದು ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಿದರೆ ಲೆಕ್ಕಕ್ಕೆ ಸೇರಿಸುತ್ತಾರೆ. ಮಾಲೀಕರಿಲ್ಲದ ದನ ಬಿಡಾಡಿ ದನ. ಅದಕ್ಕೆ ಗೋಮಾಳದಲ್ಲಿ ಹಕ್ಕಿಲ್ಲ.

ಬೋರೇದೇವರ ದನ ಬಿಡಾಡಿ. ಪತ್ರದ ನಕಲಿಗೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದೆ. ಮೊಹರಿನ ಶಾಯಿ ಒಣಗಿತ್ತು, ಬಿದ್ದದ್ದು ಅರ್ಧ.

ಜುಲೈ 9

ಹಟ್ಟಿಯ ಗುಡಿಕಟ್ಟೆಯಲ್ಲಿ ಯಜಮಾನ ಗಾದೆಪ್ಪ, ಮಾರಣ್ಣ, ಇನ್ನೂ ನಾಲ್ಕೈದು ಜನ. ಅಮರೇಶ್ ಮೊಬೈಲಿನಲ್ಲಿ ನಮೂನೆ ತೆರೆದು ಕೂತ.

ಮೊದಲು ಗಾದೆಪ್ಪನನ್ನು ಕೇಳಿದೆ. “ನನ್ನ ಹೆಸರಿಗಾ? ಊರ ಮಂದಿ ನನ್ನ ಮನಿ ಮ್ಯಾಲೆ ಮಣ್ಣು ತೂರ್ತಾರ್ರಿ. ದೇವರ ಹೆಸರಿಗೇ ಬರೀರಿ.”

ಅಮರೇಶ್ ಬರೆದ. ನಮೂನೆ ತಂದೆಯ ಹೆಸರು ಕೇಳಿತು.

“ತಂದಿ ಯಾರಿಲ್ಲ, ತಾನಾ ಹುಟ್ಯಾನ,” ಎಂದ ಗಾದೆಪ್ಪ.

“ವಯಸ್ಸು?”

“ಹಾಕ್ಲೇ ಒಂದು ಸಾವ್ರ.”

“ಎರಡು ಅಂಕಿ ಮ್ಯಾಲೆ ತಗಳಂಗಿಲ್ಲ ಯಜಮಾನ. ಆಧಾರ್ ಬೇರೆ ಬೇಕು.”

“ಮತ್ತ ನಮ್ಮಪ್ಪ ಗುಡ್ಡ ಇಳದು ಎಲ್ಲಿ ಬಂದು ಹೆಬ್ಬೆಟ್ಟು ಒತ್ತಬೇಕಂತ, ಅದ್ನಾರ ಕೇಳು.”

ಎಲ್ಲರೂ ನಕ್ಕರು. ಮಾರಣ್ಣನೂ ನಕ್ಕ. ನನಗೆ ನಗು ಬರಲಿಲ್ಲ. ಹದಿಮೂರು ದಿನ ಉಳಿದಿವೆ, ಇವರು ನಗುತ್ತಿದ್ದಾರೆ.

ಆಮೇಲೆ ನಾನು ಮಾತಾಡಿದೆ. ಇಷ್ಟು ವರ್ಷದಲ್ಲಿ ಯಾರೆದುರಿಗೂ ಇಷ್ಟುದ್ದ ಮಾತಾಡಿಲ್ಲ. ಎಲ್ಲ ಕಡೆಯ ಹಸು ಒಂದೇ ಬಗೆಯಾದರೆ ಒಂದೇ ರೋಗ ಎಲ್ಲವನ್ನೂ ಒಯ್ಯುತ್ತದೆ ಎಂದೆ. ಇಂಥ ಹಿಂಡು ಇನ್ನೆಲ್ಲಿಯೂ ಇಲ್ಲದಿರಬಹುದು ಎಂದೆ. ನನ್ನ ವರದಿ ತೆಗೆದು ತೋರಿಸಿದೆ. ನನಗೇ ಔಷಧಿ ನಾಟದಂತಾಗಿದೆ, ನಿಮ್ಮ ಮೊಮ್ಮಕ್ಕಳಿಗೆ ಮೊದಲ ಜ್ವರಕ್ಕೇ ನಾಟದೆ ಹೋಗುತ್ತದೆ ಎಂದೆ. ಮಾರಣ್ಣ ತಲೆ ಬಗ್ಗಿಸಿ ಕೇಳುತ್ತಿದ್ದ.

“ಒಂದೇ ಒಂದು ಮಾತು,” ಎಂದೆ. “‘ನನ್ನವು’ ಅಂತ ಒಂದು ಸಲ. ಸಾಹೇಬರ ಮುಂದೆ ಮಾತ್ರ. ದೇವರಿಗೆ ಗೊತ್ತಾಗೋದಿಲ್ವಾ, ಯಾಕೆ ಹೇಳಿದ್ರಿ ಅಂತ?”

“ಡಾಕ್ಟ್ರಮ್ಮ, ಅದು ನೀವು ತಿಳಕೊಂಡಷ್ಟು ಸಣ್ಣ ಮಾತಲ್ರಿ,” ಎಂದ ಗಾದೆಪ್ಪ.

ಆಗ ನನಗೆ ಸಿಟ್ಟು ಬಂತು. ಪದ್ಧತಿ, ಆಣೆ, ಮಡಿ ಎಂದು ಕೂತಿರಿ, ಕಂಪನಿಯವರು ಗಾಜಿನ ಹಲಗೆ ನೆಟ್ಟ ಮೇಲೆ ದೇವರ ದನಕ್ಕೆ ಹಲಗೆ ಮೇಯಿಸಿರಿ ಎಂದೆ. ಗಾದೆಪ್ಪ ಏನನ್ನೋ ಹೇಳಲು ಬಾಯಿ ತೆರೆದ. ಮಾರಣ್ಣ ಕೈ ಅಡ್ಡ ಹಿಡಿದು ತಡೆದ.

“ಹೇಳ್ತೀನಿ ಬಿಡ್ರಿ,” ಎಂದ ನನಗೆ.

ವಾದ ಗೆದ್ದದ್ದು ನೆನಪಿದ್ದಂತೆ ಇದೇ ಮೊದಲು.

ಜುಲೈ 15

ಜ್ವರ. ಉಳಿದ ಎರಡರಲ್ಲಿ ಒಂದು ಔಷಧಿ ಶುರುವಾಗಿದೆ, ದಿನಕ್ಕೆರಡು ಸಲ ರಕ್ತನಾಳಕ್ಕೆ. ಸೌಭಾಗ್ಯ ಎಂಬ ನರ್ಸು ಮನೆಗೆ ಬಂದು ಹಾಕಿಹೋಗುತ್ತಾಳೆ. ದೇವರ ಹಿಂಡಿನ ಹಸು ಮಾಸಿ ಇವತ್ತು ನಾಳೆಯಲ್ಲಿ ಈಯಬೇಕು. ಹೋದ ಸಲ ಅವಳಿಗೆ ಕಷ್ಟವಾಗಿತ್ತಂತೆ. ಗೀತಮ್ಮನಿಗೆ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಜುಲೈ 17

ಮಾಸಿ ಈದಳು. ಹೆಣ್ಣು ಕರು. ಹಿಂಡಿನ ಮುಂದೆ ನಡೆಯುವ ಹಸು ಕೆಂದಿ ಯಾರನ್ನೂ ಹತ್ತಿರ ಬಿಡದೆ ಪಕ್ಕದಲ್ಲೇ ನಿಂತಿದ್ದಳಂತೆ.

ಜುಲೈ 22

ಸಾಹೇಬರು ಹನ್ನೊಂದಕ್ಕೆ ಬರಬೇಕಿತ್ತು, ಒಂದೂವರೆಗೆ ಬಂದರು. ಕಂಪನಿಯ ಇಬ್ಬರು ಇದ್ದರು. ಮಾರಣ್ಣ ದನಗಳನ್ನು ಗೋಮಾಳದ ಕುಂಟೆಯ ಬಳಿ ನಿಲ್ಲಿಸಿದ್ದ. ಅಷ್ಟು ಹೊತ್ತು ಒಂದೂ ಕದಲಲಿಲ್ಲ.

ಕ್ರಾಂತಿಕುಮಾರ್ ಎಣಿಸಿದ. ನೂರಾ ಹದಿನೇಳು ಎಂದ. ಹೊಸ ಕರು ಬಿಟ್ಟರೂ ಒಂದು ಕಡಿಮೆ. ಕೆಂದಿ ಜಾಲಿ ಮರದ ಹಿಂದೆ ಇದ್ದಾಳೆ ನೋಡಿ ಎಂದೆ. ಯಾವ ಕೆಂದಿ ಎಂದ. ಇನ್ನೊಮ್ಮೆ ಎಣಿಸಿ ಹದಿನೆಂಟು ಎಂದು ಬರೆದ. ಈ ತಿಂಗಳ ಕರು ಲೆಕ್ಕಕ್ಕಿಲ್ಲ.

“ಯಾರವು ಈ ದನ?” ಎಂದರು ಸಾಹೇಬರು.

ಊರಿನವರೆಲ್ಲ ನಿಂತಿದ್ದರು. ಮಾರಣ್ಣ ತಲೆಯ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಗುಡ್ಡದ ಕಡೆ ನೋಡಲಿಲ್ಲ, ಸಾಹೇಬರನ್ನೇ ನೋಡಿದ.

“ನನ್ನವು,” ಎಂದ.

“ಎಲ್ಲವೂ?”

“ಎಲ್ಲವೂ ನನ್ನವ ರೀ.”

ಹೆಬ್ಬೆಟ್ಟು ಒತ್ತಿದ. ಪಂಚರು ಸಹಿ ಮಾಡಿದರು. ಕಂಪನಿಯವರಲ್ಲೊಬ್ಬ ಬೇರೆ ಕಡೆ ಹೋಗಿ ಫೋನಿನಲ್ಲಿ ಮಾತಾಡಿದ. ನನಗೆ ಮೈಯೆಲ್ಲ ಹಗುರವಾಗಿತ್ತು, ಔಷಧಿ ನಾಟುತ್ತಿರಬೇಕು. ಮಾರಣ್ಣನಿಗೆ ಕೈ ಮುಗಿದೆ. ಅವನೂ ಮುಗಿದ. ಗೀತಮ್ಮನ ಕಡೆ ನೋಡಿದೆ. ಅವಳು ಸೆರಗು ಬಾಯಿಗೆ ಹಿಡಿದು ಮನೆಯ ಕಡೆ ನಡೆದುಬಿಟ್ಟಿದ್ದಳು. ಬಿಸಿಲು ಜೋರಿತ್ತು.

ಜುಲೈ 23

ಬೆಳಿಗ್ಗೆ ಅಮರೇಶ್ ತಡವಾಗಿ ಬಂದ. ಹಟ್ಟಿಯಿಂದ ಬಂದೆ ಎಂದ. ಕೂತುಕೊಳ್ಳಲಿಲ್ಲ.

“ನಿನ್ನೆ ಹೊತ್ತು ಮುಳುಗೋಕಿಂತ ಮುಂಚೆ ಮಾರಣ್ಣ ಕೋಲು ಗುಡಿಮುಂದ ಇಟ್ಟು ಬಂದ ಮೇಡಂ.”

“ಯಾಕೆ?”

“ನನ್ನವು ಅಂದವ ಕಿಲಾರಿ ಆಗಿರಂಗಿಲ್ಲ. ಇನ್ನ ರೊಪ್ಪ ಹೊಗಂಗಿಲ್ಲ, ದನ ಮುಟ್ಟಂಗಿಲ್ಲ, ಕೂಗಿ ಕರಿಯಂಗಿಲ್ಲ, ಹಿಂದ ನಡಿಯಂಗಿಲ್ಲ. ಸಾಯೋತನಕ.”

“ಸಾಹೇಬರ ಮುಂದೆ ಹೇಳಿದ್ದಕ್ಕೂ?”

“ಹೇಳಿದ್ದಕ್ಕ ರೀ. ಯಾರ ಮುಂದ ಅನ್ನೋದಿಲ್ಲ.”

“ನಿನಗೆ ಗೊತ್ತಿತ್ತಾ?”

“ಗಾದೆಪ್ಪ ಅವತ್ತು ಅದನ್ನ ಹೇಳಾಕ ಹೊಂಟಿದ್ದ. ಮಾರಣ್ಣ ಕೈ ಹಿಡದ. ನೀವು ಮಾತಾಡಾಕತ್ತಿದ್ರಿ.”

ಮಧ್ಯಾಹ್ನ ಹಟ್ಟಿಗೆ ಹೋದೆ. ಗಾದೆಪ್ಪನ ಮುಂದೆ ಬಾಯಿಗೆ ಬಂದಂತೆ ಮಾತಾಡಿದೆ. ನಿಮ್ಮ ದನಕ್ಕಾಗಿ ಹೇಳಿದ ಮಾತಿಗೆ ನೀವೇ ಶಿಕ್ಷೆ ಕೊಡುತ್ತೀರಾ, ಇದು ಯಾವ ನ್ಯಾಯ ಎಂದೆ. ಅವನು ಕೊನೆಯವರೆಗೆ ಕೇಳಿದ.

“ಶಿಕ್ಷೆ ಯಾರು ಕೊಟ್ಟಾರ್ರಿ? ನಾವು ಕೋಲು ಕಸಗೊಂಡಿಲ್ಲ. ಇಟ್ಟುಬಂದವ ಅವ. ಇವು ಇಷ್ಟು ವರ್ಷ ಉಳದದ್ದು ಯಾರೂ ನನ್ನವು ಅನ್ನದಕ್ಕ. ಒಬ್ಬ ಅಂದು, ಅಂದಮ್ಯಾಲೂ ಕೋಲು ಹಿಡದಾ ಅಂದ್ರ, ನಾಳೆ ಇನ್ನೊಬ್ಬ ಒಂದು ಹೋರಿ ನಂದು ಅಂತಾನ. ನಾಡದು ಸಂತಿಗೆ ಹೊಡಕೊಂಡು ಹೋಗ್ತಾನ. ಅದು ಮಾರಣ್ಣಗ ನಮಗಿಂತ ಚೊಲೊ ಗೊತ್ತೈತಿ.”

ನಾನು ನಾಲ್ಕು ಪುಟದ ಪತ್ರದಲ್ಲಿ ಇದನ್ನು ಬರೆದಿರಲಿಲ್ಲ. ಹಿಂಡು ಹೇಗಿದೆ ಎಂದು ಬರೆದಿದ್ದೆ. ಹೇಗೆ ಉಳಿಯಿತು ಎಂದು ಕೇಳಿರಲೇ ಇಲ್ಲ.

ಜುಲೈ 31

ಆದೇಶ ಬಂತು. ಒಟ್ಟು ನೂರ ಮೂವತ್ತೆರಡು ದನ. ಮೂವತ್ತೊಂಬತ್ತು ಎಕರೆ ಇಪ್ಪತ್ತನಾಲ್ಕು ಗುಂಟೆ ಮತ್ತು ಕುಂಟೆ ಉಳಿಯುತ್ತದೆ. ಮಿಕ್ಕ ನೂರ ಐವತ್ತು ಚಿಲ್ಲರೆ ಎಕರೆ ಕಂಪನಿಗೆ. ಗುಂಟೆಯವರೆಗೆ ನಿಖರ. ಹುಲ್ಲು ಚಿಗುರುವ ಜಾಗ ಯಾವುದು, ಬರೀ ಕಲ್ಲಿನ ಜಾಗ ಯಾವುದು ಎಂದು ಯಾರೂ ನೋಡಿಲ್ಲ. ಮೇಲ್ಮನವಿ ಬರೆಯಲು ಶುರು ಮಾಡಿದ್ದೇನೆ.

ಮಾರಣ್ಣನ ಮನೆಗೆ ಹೋದೆ. ಜಗುಲಿಯ ಮೇಲೆ ಕೂತು ಕಣ್ಣಿ ಹೊಸೆಯುತ್ತಿದ್ದ; ಯಾವ ದನಕ್ಕೆಂದು ಕೇಳಲಿಲ್ಲ. ಹೇಳಿಕೆ ವಾಪಸು ತೆಗೆದುಕೊಳ್ಳಿ, ಸಾಹೇಬರಿಗೆ ನಾನೇ ಒತ್ತಾಯ ಮಾಡಿ ಹೇಳಿಸಿದೆ ಎಂದು ಬರೆದುಕೊಡುತ್ತೇನೆ, ನನ್ನ ಕೆಲಸ ಹೋದರೆ ಹೋಗಲಿ ಎಂದೆ.

“ವಾಪಸ್ ತಗೊಂಡ್ರ ಗೋಮಾಳ ಉಳಿತೈತೇನ್ರಿ?”

“ಇಲ್ಲ.”

“ಮತ್ತ ಯಾಕ?”

“ಕೋಲು ನಿಮಗೆ ವಾಪಸು ಬರುತ್ತದೆ.”

“ಕೋಲು ತಗೊಂಡು ಎಲ್ಲಿ ಮೇಸಲಿ?” ಎಂದ. ಹೊಸೆದ ಹಗ್ಗವನ್ನು ಹೆಬ್ಬೆರಳಿಗೆ ಸುತ್ತಿ ಜಗ್ಗಿ ನೋಡಿದ. “ಇರಲಿ ಬಿಡ್ರಿ. ಕಿಲಾರಿ ಇನ್ನೊಬ್ಬ ಸಿಗ್ತಾನ. ಹುಲ್ಲು ಸಿಗಂಗಿಲ್ಲ.”

“ಮೊದಲೇ ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರ ನೀವು ಕೇಳತಿದ್ದಿಲ್ಲಲ್ರಿ, ‘ನನ್ನವು’ ಅನ್ನು ಅಂತ.”

ಒಳಗಿನಿಂದ ಗೀತಮ್ಮ ಹೊರಗೆ ಬರಲಿಲ್ಲ. ಹೊರಡುವಾಗ ಬಾಗಿಲ ಮರೆಯಿಂದ ಅವಳ ದನಿ ಬಂತು. “ಜ್ವರ ಹೋತೇನು?”

ಹೋಯಿತು ಎಂದೆ.

“ಹಂಗಾದ್ರ ಇವತ್ತು ಹಾಲಿಲ್ಲ.”

ಆಗಸ್ಟ್ 2

ಹೊಸ ಕಿಲಾರಿಯಾಗಿ ಪಾಲಾಕ್ಷ ಒಪ್ಪಿದ್ದಾನೆ. ಮಾರಣ್ಣನ ತಮ್ಮನ ಮಗ, ಇಪ್ಪತ್ತೆಂಟು ವರ್ಷ. ಕಾನಹೊಸಹಳ್ಳಿಯಲ್ಲಿ ಟೈರಿನ ಅಂಗಡಿ ಇಟ್ಟಿದ್ದವ, ಮುಚ್ಚಿ ಬಂದ. ಹನ್ನೊಂದು ದಿನ ದನಗಳಿಗೆ ರೊಪ್ಪದಲ್ಲೇ ಹುಲ್ಲು ನೀರು ಹೊತ್ತು ಹಾಕಿದ್ದಾರೆ. ಮಾಸಿ ಸೊರಗಿದ್ದಾಳೆ. ಹಾಲು ಕಡಿಮೆ.

ಆಗಸ್ಟ್ 4

ದನ ಹೊರಡುತ್ತಿಲ್ಲ. ಪಾಲಾಕ್ಷ ಮುಳ್ಳುಗೇಟು ತೆಗೆದು ಅರ್ಧ ತಾಸು ಕೂಗಿದ. ಕೆಂದಿ ಬಾಗಿಲಿಗೆ ಬಂದು ನಿಂತು, ಅವನನ್ನು ನೋಡಿ, ಒಳಗೆ ಹೋದಳು. ಅವಳು ಹೋದರೆ ಉಳಿದವು ಹಿಂದೆ. ಹೊಡೆಯುವಂತಿಲ್ಲ, ದೇವರ ದನ. ಮೂರು ದಿನದಿಂದ ಹೀಗಂತೆ. ಉಳಿಸಿದ ಮೂವತ್ತೊಂಬತ್ತು ಎಕರೆಯಲ್ಲಿ ಹುಲ್ಲು ಮೊಣಕಾಲುದ್ದ ಇದೆ.

ಗಾದೆಪ್ಪನಿಗೆ ಹೇಳಿದೆ: ಮಾರಣ್ಣ ಒಂದೇ ಒಂದು ಸಲ ಕರೆಯಲಿ. ಹೇಳುತ್ತಿದ್ದಂತೆಯೇ ನಿಲ್ಲಿಸಿದೆ.

ಆಗಸ್ಟ್ 9

ಆರಕ್ಕೆ ಮೊದಲೇ ಹಟ್ಟಿಯಲ್ಲಿದ್ದೆ. ಗಾದೆಪ್ಪ ಮತ್ತು ಇನ್ನಿಬ್ಬರು ಹಿರಿಯರು ಗುಡಿಕಟ್ಟೆಯ ಮೇಲೆ ಬೇವಿನಕಡ್ಡಿ ಅಗಿಯುತ್ತಾ ಕೂತಿದ್ದರು. ನಾನು ಬೇಲಿಯ ಹೊರಗೆ ನನ್ನ ಜಾಗದಲ್ಲಿ ನಿಂತೆ. ಪಾಲಾಕ್ಷ ಗೇಟು ತೆಗೆದ. ಕೂಗಿದ. ಕೆಂದಿ ಬಾಗಿಲವರೆಗೆ ಬಂದಳು, ನಿಂತಳು.

ರಸ್ತೆಯ ಆಚೆ, ಗೋಮಾಳದ ದಿಕ್ಕಿನಲ್ಲಿ, ಕಲ್ಲುಗೋಡೆಯ ಹಿಂದೆ ಯಾರೋ ಕೆಮ್ಮಿದರು.

ಕೆಂದಿಯ ಕಿವಿ ಆ ಕಡೆ ತಿರುಗಿತು. ಇನ್ನೊಮ್ಮೆ ಕೆಮ್ಮು, ಒಣ ಕೆಮ್ಮು, ಎದೆಯಲ್ಲಿ ಕಫವಿಲ್ಲದವರದ್ದು. ಕೆಂದಿ ಹೊರಗೆ ಬಂದಳು. ಹಿಂದೆ ಮಾಸಿ, ಅವಳ ಕರು, ಎರಡು ಹೋರಿ, ಆಮೇಲೆ ಒಟ್ಟಿಗೆ ಎಲ್ಲ. ಧೂಳೆದ್ದಿತು. ಕೆಮ್ಮು ಗೋಡೆಗುಂಟ ಮುಂದೆ ಮುಂದೆ ಹೋಯಿತು, ದನಗಳಿಗಿಂತ ಮುಂದೆ. ಹಿಂದೆ ನಡೆಯಬಾರದು ಎಂದಿದೆ. ಮುಂದೆ ನಡೆಯುವುದರ ಬಗ್ಗೆ ಏನೂ ಇಲ್ಲ. ಕೂಗಿ ಕರೆಯಬಾರದು ಎಂದಿದೆ.

ನಾನು ಕಟ್ಟೆಯ ಕಡೆ ತಿರುಗಿ ನೋಡಿದೆ. ಮೂವರು ಹಿರಿಯರೂ ಬೇವಿನಕಡ್ಡಿಯನ್ನೇ ಪರೀಕ್ಷೆ ಮಾಡುತ್ತಿದ್ದರು.

“ಈ ಸಲ ಧೂಳು ಭಾಳ ಐತಿ,” ಎಂದ ಗಾದೆಪ್ಪ, ಯಾರಿಗೂ ಅಲ್ಲದಂತೆ.

“ಮಂದಿಗೆ ಆಗಿಬರಂಗಿಲ್ಲ,” ಎಂದ ಪಕ್ಕದವ.

ಎಣಿಸಿದೆ. ಕರು ಸೇರಿ ನೂರಾ ಹತ್ತೊಂಬತ್ತು. ಕೊನೆಯಲ್ಲಿ ಪಾಲಾಕ್ಷ ಕೋಲು ಹೆಗಲಿಗೇರಿಸಿ ನನ್ನ ಪಕ್ಕ ಹಾದುಹೋಗುತ್ತಾ ನಡಿಗೆ ನಿಧಾನ ಮಾಡಿದ. ದನಗಳಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದ:

“ಡಾಕ್ಟ್ರಮ್ಮ, ದೊಡ್ಡಪ್ಪಗ ಕೆಮ್ಮಿಗೆ ಔಷಧಿ ಗಿವಷಧಿ ಕೊಟ್ಟೀರಿ ಮತ್ತ.”

ಕೊಡುವುದಿಲ್ಲ ಎಂದೆ.